13 ವಾರದ ನೋಟ್‌ಬುಕ್: ಓಟ, ಓದು, ಮತ್ತೆ ತುಂಬದೇ ಉಳಿದ ಬಲಗಡೆ ಪುಟ

ಮೊನ್ನೆ ಭಾನುವಾರ ಸಂಜೆ 13ನೇ ವಾರದ ಪುಟ ಬರೆದು ಮುಗಿಸಿದೆ. ವಾರಕ್ಕೊಮ್ಮೆ ಕೂತು ಮೂರೇ ವಿಷಯ ಬರೆಯಬೇಕು ಅನ್ನೋದು ಲೆಕ್ಕ. ಎಷ್ಟು ಓಡಿದೆ, ಏನು ಓದಿದೆ, ಈ ಬದುಕು ಯಾತಕ್ಕೆ. ಮೊದಲೆರಡು ಸ್ವಲ್ಪ ರಿಪೇರಿ ಆದ ಮೇಲೆ ದಾರಿಗೆ ಬಂದವು. ಮೂರನೆಯದು ಆರು ವಾರ ಕೈ ಕೊಟ್ಟಿತು. ಏನೇನು ಮಾಡಿದೆ, ಎಲ್ಲೆಲ್ಲಿ ಕೆಡಿಸಿದೆ ಅಂತ ಸಾಲಾಗಿ ಬರೆದಿಡುತ್ತೇನೆ.

ಸಾಮಾನು

80 ಜಿಎಸ್ಎಂನ ಎ4 ಹಾಳೆ 8. ಹೊದಿಕೆಗೆ ಒಂದು ದಪ್ಪ ಕಾರ್ಡ್ ಹಾಳೆ. ದಬ್ಬಣ, ಸೂಜಿ, ಗಟ್ಟಿ ದಾರ, ಮೇಣದಬತ್ತಿಯ ತುಂಡು, ಸ್ಟೀಲ್ ಸ್ಕೇಲು, ಕಟರ್. ಓಟಕ್ಕೆ ಹಳೇ ಶೂ ಮತ್ತು ಸ್ಟಾಪ್‌ವಾಚ್ ಇರೋ ಸಾದಾ ವಾಚು. ಓದೋಕೆ, ತಂದಿಟ್ಟು ಮುಟ್ಟದೇ ಬಿಟ್ಟಿದ್ದ 11 ಪುಸ್ತಕ. ಹೊಸದಾಗಿ ಏನೂ ಕೊಳ್ಳಬಾರದು ಅಂತ ನಿಯಮ ಹಾಕಿಕೊಂಡಿದ್ದೆ. ಐದನೇ ವಾರಕ್ಕೆ ಅದು ಮುರಿದು ಬಿತ್ತು, ಆ ಕಥೆ ಮುಂದೆ ಬರುತ್ತೆ. ಹಾಗಾಗಿ ಇಲ್ಲಿ ಖರ್ಚು ಅಂದರೆ ಹೆಚ್ಚಾಗಿ ಸಮಯವೇ. ಬರೆಯೋಕೆ ವಾರಕ್ಕೆ 25 ನಿಮಿಷ.

0ನೇ ವಾರ: ನೋಟ್‌ಬುಕ್ ಕಟ್ಟಿದ್ದು, ಎರಡು ಸಲ

ಯಾಕೆ 13 ವಾರ? ಹದಿನೆಂಟನೇ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಅವರಿಂದ ಕದ್ದದ್ದು. ಅವರು ತಮಗೆ ಬೇಕಾದ 13 ಒಳ್ಳೆ ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರ ಮೇಲೆ ಗಮನ ಇಟ್ಟು, ತಪ್ಪಿದಾಗಲೆಲ್ಲ ಸಣ್ಣ ಕಪ್ಪು ಚುಕ್ಕಿ ಇಡುತ್ತಿದ್ದರು. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹೊಸ ಸುತ್ತಿಗೆ ಜಾಗ ಮಾಡೋಕೆ ಹಳೇ ಚುಕ್ಕಿ ಕೆರೆದು ಕೆರೆದು ಪುಸ್ತಕ ತೂತು ಬಿತ್ತಂತೆ. ಕೊನೆಗೆ ದಂತದ ಹಾಳೆಗಳ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ ಒದ್ದೆ ಸ್ಪಂಜಿನಿಂದ ಒರೆಸೋಕೆ ಶುರು ಮಾಡಿದರಂತೆ. 13 ಗುಣಕ್ಕಿಂತ ಈ ತೂತೇ ನನಗೆ ಜಾಸ್ತಿ ಇಷ್ಟ ಆಯ್ತು.

ಮೊದಲ ಪ್ರಯತ್ನ: 7 ಹಾಳೆ ಒಟ್ಟಿಗೆ ಮಡಚಿದರೆ 28 ಪುಟ. ಮೊದಲ ಮತ್ತು ಕೊನೆಯ ಪುಟ ಬಿಟ್ಟರೆ ಎದುರುಬದುರು ಜೋಡಿ ಸರಿಯಾಗಿ 13. ಲೆಕ್ಕ ಎಷ್ಟು ಚೆನ್ನಾಗಿ ಕೂತಿತು ಅಂತ ಖುಷಿಯಲ್ಲಿ ಪಿನ್ ಹೊಡೆದೆ. ಸ್ಟೇಪ್ಲರ್‌ನ ಕೈ ಗಿಡ್ಡ, ನಡು ಮಡಿಕೆಗೆ ಮುಟ್ಟಲಿಲ್ಲ. ಅದನ್ನು ಬಾಯಿ ತೆರೆದು, ಹಳೇ ರಟ್ಟಿನ ಮೇಲೆ ಒತ್ತಿ, ಪಿನ್ನಿನ ಕಾಲು ಕೈಯಲ್ಲೇ ಮಡಚಿದೆ. 55 ನಿಮಿಷ ಆಯ್ತು. ಎರಡು ದಿನಕ್ಕೆ ನಡುವಿನ ಹಾಳೆ ಪಿನ್ನಿನಿಂದ ಹರಿದು ಬಂತು. ಅಂಚು ನೋಡಿದರೆ ಒಳಗಿನ ಹಾಳೆಗಳು ಸುಮಾರು ಒಂದು ಮಿ.ಮೀ. ಆಚೆ ಇಣುಕುತ್ತಿದ್ದವು. ಒಟ್ಟಿಗೆ ಮಡಚಿದಷ್ಟೂ ಒಳಗಿನವು ಹೊರಗೆ ತಳ್ಳಿಕೊಳ್ಳುತ್ತವೆ, ಅದು ನನಗೆ ಹೊಳೆದಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಅಂದರೆ ಒಂದೂ ಹೆಚ್ಚುವರಿ ಪುಟ ಇರಲಿಲ್ಲ. ಗೆರೆ ಎಳೆಯುವಾಗಲೇ ಒಂದು ಜೋಡಿ ಪುಟ ಹಾಳಾಯಿತು.

ಎರಡನೇ ಪ್ರಯತ್ನ: 4 ಹಾಳೆಯ ಎರಡು ಕಟ್ಟು. 32 ಪುಟ, 15 ಜೋಡಿ. 13 ವಾರಕ್ಕೆ, 2 ಕೆಡಿಸೋಕೆ. ಮಡಿಕೆ ಸ್ಪ್ರಿಂಗಿನ ಹಾಗೆ ಎದ್ದು ನಿಲ್ಲುತ್ತಿತ್ತು. ಯಾಕೆ ಅಂತ ಆಮೇಲೆ ಗೊತ್ತಾಯ್ತು. ಕಾಗದದ ನಾರು ಒಂದು ದಿಕ್ಕಿಗೆ ಓಡುತ್ತೆ, ಎ4 ಹಾಳೆಯಲ್ಲಿ ಸಾಮಾನ್ಯವಾಗಿ ಉದ್ದಕ್ಕೆ. ನಾನು ಅದಕ್ಕೆ ಅಡ್ಡಡ್ಡ ಮಡಚಿದ್ದೆ. ಹಾಳೆಯನ್ನು ಮಡಿಕೆ ಬೀಳದ ಹಾಗೆ ಎರಡೂ ಕಡೆಗೆ ಬಾಗಿಸಿ ನೋಡಿದರೆ ಯಾವ ಕಡೆ ಸುಲಭವಾಗಿ ಬಗ್ಗುತ್ತೋ ಆ ಬಾಗಿನ ಗೆರೆಯ ಉದ್ದಕ್ಕೆ ನಾರು ಓಡುತ್ತೆ ಅಂತ. ಹೊಸ ಹಾಳೆ ತರುವ ಹಾಗಿರಲಿಲ್ಲ. ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಕೂರಿಸಿದೆ.

ತೂತು ಐದು. ಮೇಲಂಚಿನಿಂದ 15, 60, 105, 150, 195 ಮಿ.ಮೀ. ದಾರ 80 ಸೆಂ.ಮೀ. ಕತ್ತರಿಸಿ ಮೇಣದ ಮೇಲೆ ಮೂರು ಸಲ ಎಳೆದೆ. ಎರಡೂ ಕಟ್ಟನ್ನು ಹೊದಿಕೆಯ ಬೆನ್ನಿಗೆ ನೇರವಾಗಿ ಹೊಲಿದೆ. ಮೂರನೇ ತೂತಲ್ಲಿ ದಾರ ಬಿಗಿ ಮಾಡೋಕೆ ಮೇಲಕ್ಕೆ ಜಗ್ಗಿದೆ, ಕಾಗದ ಚರ್ರನೆ ಸೀಳಿತು. ದಾರವನ್ನು ಯಾವಾಗಲೂ ಮಡಿಕೆಯ ಉದ್ದಕ್ಕೆ ಎಳೀಬೇಕು, ಪುಟಕ್ಕೆ ನೆಟ್ಟಗೆ ಎಳೀಬಾರದು. ಸೀಳಿದ ಕಡೆ ಎರಡು ಬೆರಳಗಲದ ಕಾಗದದ ಪಟ್ಟಿ ಅಂಟಿಸಿ, ಒಣಗಿಸಿ, ಮತ್ತೆ ತೂತು ಹಾಕಿದೆ. ಒಟ್ಟು 1 ಗಂಟೆ 40 ನಿಮಿಷ.

ಪುಟ ಹಂಚಿದ್ದು ಹೀಗೆ. ಎಡಗಡೆ ಪುಟದಲ್ಲಿ ಗೆರೆ ಎಳೆದು 50 ಮಿ.ಮೀ. ಓಟಕ್ಕೆ, ಉಳಿದ 98 ಮಿ.ಮೀ. ಓದಿಗೆ. ಬಲಗಡೆ ಇಡೀ ಪುಟ ಜೀವನದ ಉದ್ದೇಶಕ್ಕೆ. ದೊಡ್ಡ ಪ್ರಶ್ನೆ ಅಲ್ವಾ, ದೊಡ್ಡ ಜಾಗ ಇರಲಿ ಅಂದುಕೊಂಡೆ. ನೆನಪಿಟ್ಟುಕೊಳ್ಳಿ, ಆಮೇಲೆ ಕಾಟ ಕೊಟ್ಟದ್ದು ಇದೇ ಜಾಗ.

1ರಿಂದ 3ನೇ ವಾರ

ಓಟ ವಾರಕ್ಕೆ ಮೂರು ದಿನ. ಮೊದಲ ವಾರ 9 ಕಿ.ಮೀ., ಎರಡನೇ ವಾರ 10. ಮೂರನೇ ವಾರ ಮೈ ಹಗುರ ಅನ್ನಿಸಿ 19 ಓಡಿದೆ. ಆ ವಾರದ ಪುಟದಲ್ಲಿ 19ರ ಸುತ್ತ ಎರಡು ಸುತ್ತು ಹಾಕಿದ್ದೇನೆ, ಪಕ್ಕದಲ್ಲಿ ಆಶ್ಚರ್ಯ ಚಿಹ್ನೆ ಬೇರೆ. ಈಗ ನೋಡಿದರೆ ನಾಚಿಕೆ ಆಗುತ್ತೆ.

4ನೇ ವಾರ: ಕಾಲು

ಮಂಗಳವಾರ ಓಡುವಾಗ ಬಲಗಾಲಿನ ಮುಂದಿನ ಮೂಳೆಯ ಒಳಅಂಚಿನಲ್ಲಿ ನೋವು ಶುರುವಾಯಿತು. ಮೊದಲ ಹತ್ತು ನಿಮಿಷ ನೋವು, ಮೈ ಬಿಸಿಯಾದ ಮೇಲೆ ಮಾಯ, ಮನೆಗೆ ಬಂದು ಕೂತರೆ ಮತ್ತೆ ಹಾಜರ್. ಮಾಯ ಆಗುತ್ತಲ್ಲ ಅಂತ ಗುರುವಾರವೂ ಓಡಿದೆ. ಇಡೀ ಕೆಲಸದಲ್ಲಿ ಇದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಶುಕ್ರವಾರ ಮೆಟ್ಟಿಲು ಇಳಿಯೋಕೆ ಕಂಬಿ ಹಿಡೀಬೇಕಾಯಿತು.

ಹೆಬ್ಬೆರಳಿನಿಂದ ಮೂಳೆಯ ಅಂಚು ಒತ್ತಿಕೊಂಡು ಹೋದೆ. ಸುಮಾರು 12 ಸೆಂ.ಮೀ. ಉದ್ದಕ್ಕೂ ನೋವಿತ್ತು, ಒಂದೇ ಬಿಂದುವಿನಲ್ಲಿ ಇರಲಿಲ್ಲ. ಈ ವ್ಯತ್ಯಾಸ ಮುಖ್ಯ. ಒಂದೇ ಜಾಗ ಬೆರಳಿಟ್ಟು ತೋರಿಸುವ ಹಾಗೆ ನೋಯುತ್ತಿದ್ದರೆ ಮೂಳೆಯಲ್ಲಿ ಬಿರುಕು ಇರಬಹುದು. ಅಂಥದ್ದಕ್ಕೆ ನೋಟ್‌ಬುಕ್ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು.

ವಾರಕ್ಕೆ ಶೇ. 10ಕ್ಕಿಂತ ಜಾಸ್ತಿ ದೂರ ಏರಿಸಬಾರದು ಅಂತ ಓಟಗಾರರು ಹೇಳುವ ಮಾತಿದೆ. ನೆದರ್ಲೆಂಡ್ಸ್‌ನಲ್ಲಿ 500ಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದ್ದರು, 2008ರಲ್ಲಿ ಅದರ ವರದಿ ಬಂತು. ನಿಧಾನವಾಗಿ ಏರಿಸಿದವರಲ್ಲೂ, ಬೇಗ ಏರಿಸಿದವರಲ್ಲೂ ಸುಮಾರು ಐದರಲ್ಲಿ ಒಬ್ಬರಿಗೆ ಪೆಟ್ಟಾಗಿತ್ತು. ಹಾಗಾಗಿ 10 ಅನ್ನೋದು ಕಲ್ಲಿನಲ್ಲಿ ಕೆತ್ತಿದ ಅಂಕಿಯಲ್ಲ. ನಾನು ಏರಿಸಿದ್ದು ಶೇ. 90. ಆ ಚರ್ಚೆಯ ಬಾಗಿಲಿಗೂ ನನಗೆ ಪ್ರವೇಶವಿಲ್ಲ.

5ರಿಂದ 8ನೇ ವಾರ: ಕಾಲಿನ ರಿಪೇರಿ

ಮಾಡಿದ್ದೆಲ್ಲ ಬರೆಯುತ್ತೇನೆ, ಉಪಯೋಗ ಆಗದ್ದೂ ಸೇರಿ.

ಐಸು: ಇಟ್ಟಷ್ಟು ಹೊತ್ತು ಹಿತ. ಆಮೇಲೆ ಅದೇ ನೋವು.

ಬಿಡುವು: 9 ದಿನ ಓಟ ಪೂರ್ತಿ ಬಂದ್. ದಿನಾ 30 ನಿಮಿಷ ನಡಿಗೆ. ನಿಜವಾಗಿ ಕೆಲಸ ಮಾಡಿದ್ದು ಇದು.

ಶೂ: ಎರಡೂ ಶೂ ಮೇಜಿನ ಮೇಲಿಟ್ಟು, ಕಣ್ಣು ಮೇಜಿನ ಮಟ್ಟಕ್ಕೆ ತಂದು ಹಿಂದಿನಿಂದ ನೋಡಿದೆ. ಎಡಗಡೆಯದು ನೆಟ್ಟಗಿತ್ತು. ಬಲಗಡೆಯದು ಕುಡಿದವನ ಹಾಗೆ ಹೊರಕ್ಕೆ ವಾಲಿಕೊಂಡಿತ್ತು. ಹಿಮ್ಮಡಿಯ ಹೊರಅಂಚು ನುಣ್ಣಗೆ ಸವೆದು ಹೋಗಿತ್ತು. ಹೆಬ್ಬೆರಳಿಂದ ಅಟ್ಟೆ ಒತ್ತಿದರೆ ಮೇಲೇಳುವ ಮನಸ್ಸೇ ಇಲ್ಲ. ಓಟದ ಶೂ 500ರಿಂದ 800 ಕಿ.ಮೀ.ವರೆಗೆ ಬಾಳುತ್ತೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನ್ನದು ಎಷ್ಟು ಓಡಿತ್ತು ಅನ್ನೋದಕ್ಕೆ ಲೆಕ್ಕವೇ ಇಲ್ಲ. ಆ ಶೂ ಹಾಕಿಕೊಂಡೇ ನಾನು ನಾಲ್ಕು ವರ್ಷ ಅಂಗಡಿಗೂ ಹೋಗಿ ಬಂದಿದ್ದೆ. ಹೊಸದು ಕೊಂಡೆ. ನಿಯಮ ಮುರಿಯಿತು. ಈಗ ಕೊಂಡ ತಾರೀಕನ್ನು ಶೂ ನಾಲಿಗೆಯ ಒಳಗೆ ಪೆನ್ನಿನಲ್ಲಿ ಬರೆದಿದ್ದೇನೆ, ಕಿ.ಮೀ. ಲೆಕ್ಕ ನೋಟ್‌ಬುಕ್ಕಿನ ಕೊನೇ ಪುಟದಲ್ಲಿದೆ.

ಹೆಜ್ಜೆ: 30 ಸೆಕೆಂಡು ಬಲಗಾಲು ಎಷ್ಟು ಸಲ ನೆಲ ಮುಟ್ಟುತ್ತೆ ಅಂತ ಎಣಿಸಿ ನಾಲ್ಕರಿಂದ ಗುಣಿಸಿದೆ. 38 ಬಂತು, ಅಂದರೆ ನಿಮಿಷಕ್ಕೆ 152. ಕಾಲು ಮುಂದಕ್ಕೆ ಚಾಚಿ ಹಿಮ್ಮಡಿ ಕುಟ್ಟುತ್ತಿದ್ದೆ ಅಂತ ಅರ್ಥ. ಹೆಜ್ಜೆ ಚಿಕ್ಕದು ಮಾಡಿ, ಸಂಖ್ಯೆ ಶೇ. 5ರಿಂದ 10 ಏರಿಸಿದರೆ ಮಂಡಿಯ ಮೇಲಿನ ಹೊರೆ ಕಡಿಮೆ ಆಗುತ್ತೆ. ಮೂರು ವಾರದಲ್ಲಿ 41ಕ್ಕೆ ತಂದೆ, ಅಂದರೆ 164. ಮೊದಲ ದಿನ 45ಕ್ಕೆ ಹಾರೋಕೆ ಹೋಗಿ ಹೊಲಿಗೆ ಮಿಷನ್ ಥರ ಓಡಿ ಉಸಿರು ಕಟ್ಟಿತು. ಒಮ್ಮೆಲೇ ಏರಿಸಬೇಡಿ.

ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು, 15ರಂತೆ ಮೂರು ಸಲ, ದಿನ ಬಿಟ್ಟು ದಿನ. ಹಲ್ಲುಜ್ಜುವಾಗ ಮಾಡಿದರೆ ಮರೆಯೋದಿಲ್ಲ.

6ನೇ ವಾರ ಮತ್ತೆ ಶುರು. 2 ನಿಮಿಷ ಓಟ, 1 ನಿಮಿಷ ನಡಿಗೆ, ಹೀಗೆ 8 ಸಲ, ಒಟ್ಟು 24 ನಿಮಿಷ. ಪಕ್ಕದಲ್ಲಿ ಯಾರೋ ಇದ್ದಾರೆ ಅಂದುಕೊಂಡು ಒಂದು ಪೂರ್ತಿ ವಾಕ್ಯ ಗಟ್ಟಿಯಾಗಿ ಹೇಳಬೇಕು. ಮಧ್ಯೆ ಉಸಿರು ಎಳೆದುಕೊಂಡರೆ ವೇಗ ಜಾಸ್ತಿ ಅಂತ. ಎದುರು ಬಂದವರು ಒಂಥರಾ ನೋಡುತ್ತಾರೆ, ನೋಡಲಿ. 9ನೇ ವಾರ 4 ನಿಮಿಷ ಓಟ, 1 ನಿಮಿಷ ನಡಿಗೆ. 11ನೇ ವಾರ ನಿಲ್ಲದೆ 25 ನಿಮಿಷ. 13ನೇ ವಾರ ಒಟ್ಟು 17 ಕಿ.ಮೀ., ನೋವಿಲ್ಲ. ಮೂರನೇ ವಾರದ 19 ಇನ್ನೂ ಮುಟ್ಟಿಲ್ಲ.

ಓದಿನ ಕಾಲಂ

ಇದು ಬೇಗ ಸರಿಹೋಯಿತು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಮೊದಲ ನಾಲ್ಕು ವಾರ ಪುಟ ಎಣಿಸಿದೆ. 112, 140, 96, 171. ನಾಲ್ಕನೇ ವಾರ ಕಾಲು ಎತ್ತಿಟ್ಟುಕೊಂಡು ಕೂತಿದ್ದೆ, ಅದಕ್ಕೇ 171. ಐದನೇ ವಾರ ಸುಮ್ನೆ ಪರೀಕ್ಷೆಗೆ ಅಂತ ಆ 171 ಪುಟದಲ್ಲಿ ಏನಿತ್ತು ಅಂತ ಬರೆಯೋಕೆ ಹೋದರೆ ಎರಡು ಸಾಲಿಗೆ ಪೆನ್ನು ನಿಂತಿತು. ಪುಟದ ಸಂಖ್ಯೆಗೋಸ್ಕರ ಮಾತುಕತೆ ಜಾಸ್ತಿ ಇರೋ ಕಾದಂಬರಿಗಳನ್ನೇ ಆರಿಸಿಕೊಳ್ಳುತ್ತಿದ್ದೆ ಅನ್ನೋದೂ ಆಗಲೇ ಕಂಡಿತು. ಸಂಭಾಷಣೆ ಇದ್ದರೆ ಪುಟ ಬೇಗ ತಿರುಗುತ್ತೆ ನೋಡಿ.

ಮಾಡಿದ ಬದಲಾವಣೆ ಎರಡು. ಪುಟದ ಲೆಕ್ಕ ಹೊಡೆದು ಹಾಕಿ ರಾತ್ರಿ 30 ನಿಮಿಷ ಅಂತ ಮಾಡಿದೆ, ಫೋನು ಬೇರೆ ಕೋಣೆಯಲ್ಲಿ. ಓದಿದ ಮೇಲೆ ಪುಸ್ತಕ ಮುಚ್ಚಿ, ನೋಡದೆ ಮೂರು ಸಾಲು ಬರೆಯಬೇಕು. ಅದಕ್ಕೆ 5 ಸೆಂ.ಮೀ. ಅಗಲದ ಕಾಗದದ ಪಟ್ಟಿ ಕತ್ತರಿಸಿಟ್ಟೆ, ಅದೇ ಪುಟದ ಗುರುತೂ ಆಗುತ್ತೆ. ಭಾನುವಾರ ಆ ಪಟ್ಟಿ ನೋಡಿ ಒಂದೇ ಮಾತು ನೋಟ್‌ಬುಕ್ಕಿಗೆ. 13 ವಾರಕ್ಕೆ ಮುಗಿದ ಪುಸ್ತಕ 4, ಅರ್ಧಕ್ಕೆ ಬಿಟ್ಟದ್ದು 2. ಬಿಟ್ಟದ್ದಕ್ಕೆ ಬೇಜಾರಿಲ್ಲ.

ಬಲಗಡೆ ಪುಟ

ಈಗ ಕಷ್ಟದ ಭಾಗಕ್ಕೆ ಬಂದೆ.

ಮೊದಲ ವಾರ ಬಾಟಲಿ ಮುಚ್ಚಳ ಇಟ್ಟು ನಾಲ್ಕು ವೃತ್ತ ಬರೆದೆ. ಇಷ್ಟವಾದದ್ದು, ಚೆನ್ನಾಗಿ ಬರೋದು, ಲೋಕಕ್ಕೆ ಬೇಕಾದದ್ದು, ದುಡ್ಡು ತರೋದು. ನಾಲ್ಕೂ ಸೇರುವ ನಡುವಿನ ಜಾಗ ಇಕಿಗಾಯ್ (ಬದುಕೋಕೆ ಕಾರಣ ಅನ್ನೋ ಅರ್ಥದ ಜಪಾನಿ ಪದ) ಅಂತ ಎಲ್ಲ ಕಡೆ ಹಾಕಿರುತ್ತಾರಲ್ಲ, ಅದೇ. ಮುಚ್ಚಳದ ಅಳತೆಗೆ ನಡುವಿನ ಜಾಗ ಕಡಲೆಕಾಳಿನಷ್ಟು ಬಂತು. ಅಲ್ಲಿ ಏನು ಬರೆಯೋದು? ಐದು ವಾರ ಖಾಲಿ ಇತ್ತು. ಆಮೇಲೆ ತಿಳಿಯಿತು, ಆ ಚಿತ್ರ ಜಪಾನಿನದೇ ಅಲ್ಲ. ಸ್ಪೇನಿನ ಆಂದ್ರೇಸ್ ಜುಜುನಾಗಾ ಅವರು ಬರೆದ ವೃತ್ತಗಳ ನಡುವೆ ಇದ್ದದ್ದು ‘ಉದ್ದೇಶ’ ಅನ್ನೋ ಮಾತು. 2014ರಲ್ಲಿ ಮಾರ್ಕ್ ವಿನ್ ಎಂಬುವರು ಅದನ್ನು ತೆಗೆದು ಇಕಿಗಾಯ್ ಅಂತ ಕೂರಿಸಿದರು. ಜಪಾನಿನಲ್ಲಿ ಆ ಪದವನ್ನು ಸಣ್ಣಪುಟ್ಟ ದಿನನಿತ್ಯದ ಸಂತೋಷಕ್ಕೂ ಬಳಸುತ್ತಾರೆ, ಸಂಬಳ ಬರಬೇಕು ಅಂತೇನೂ ಇಲ್ಲ. ನಾನು ಐದು ವಾರ ತಪ್ಪು ನಕ್ಷೆ ಹಿಡಿದು ದಾರಿ ಹುಡುಕಿದ್ದೆ.

ವೃತ್ತ ಬಿಟ್ಟರೆ ಉಳಿದ ಪುಟದಲ್ಲಿ ಭಾಷಣ. “ನಾನು ಸಮಾಜಕ್ಕೆ ಏನಾದರೂ ಕೊಡಬೇಕು.” ಇದು ಎರಡನೇ ವಾರ ಬರೆದ ಸಾಲು. ಯಾರಿಗೆ, ಏನು, ಯಾವಾಗ, ಒಂದೂ ಇಲ್ಲ. ಜಾಗ ದೊಡ್ಡದಿತ್ತು, ತುಂಬಿಸೋಕೆ ಮಾತು ಬೇಕಿತ್ತು, ಅಷ್ಟೇ.

ನಾಲ್ಕನೇ ವಾರ ಅಂಕ ಹಾಕಿ ನೋಡಿದೆ. ಈ ವಾರದ ಬದುಕಿಗೆ ಹತ್ತಕ್ಕೆ ಎಷ್ಟು? 6. ಮುಂದಿನ ವಾರವೂ 6. ಕಾಲು ನೋವಿದ್ದಾಗಲೂ 6, ಹೊಸ ಶೂ ಬಂದಾಗಲೂ 6. ಕೆಟ್ಟುಹೋದ ಮೀಟರು. ಆರನೇ ವಾರ ಫ್ರಾಂಕ್ಲಿನ್ ಥರ ಕಪ್ಪು ಚುಕ್ಕಿ ಇಟ್ಟೆ, ದಿನ ವ್ಯರ್ಥ ಅನ್ನಿಸಿದಾಗಲೆಲ್ಲ ಒಂದು. ಏಳು ದಿನಕ್ಕೆ ಐದು ಚುಕ್ಕಿ. ಭಾನುವಾರ ನೋಟ್‌ಬುಕ್ ತೆರೆಯೋಕೇ ಮನಸ್ಸು ಬರಲಿಲ್ಲ, ಸೋಮವಾರ ಬರೆದೆ. ಬರೆಯೋಕೇ ಹೆದರಿಸೋ ಪುಟ ಇಟ್ಟುಕೊಂಡು ಏನು ಮಾಡೋದು?

ಏಳನೇ ವಾರ ಎರಡು ಬದಲಾವಣೆ. ಬಲಗಡೆ ಪುಟಕ್ಕೆ ಸ್ಕೇಲು ಇಟ್ಟು ಅಡ್ಡಗೆರೆ ಎಳೆದು ಬರೆಯುವ ಜಾಗ ಐದು ಸಾಲಿಗೆ ಇಳಿಸಿದೆ. ಪ್ರಶ್ನೆ ಬದಲಿಸಿದೆ: ಈ ವಾರ ಯಾರ ಒತ್ತಾಯವೂ ಇಲ್ಲದೆ ಏನು ಮಾಡಿದೆ, ಎಷ್ಟು ನಿಮಿಷ?

7ರಿಂದ 13ನೇ ವಾರ: ನಿಘಂಟು ಮತ್ತು ಉಳಿದವು

ಅದೇ ವಾರ ಮಗಳು ಅವಳ ನಿಘಂಟು ತಂದು ಮುಂದಿಟ್ಟಳು. “ಅಪ್ಪಾ, ನಿನ್ನ ನೋಟ್‌ಬುಕ್ ಹೊಲ್ಕೊಂಡ್ಯಲ್ಲ, ಇದನ್ನೂ ಹೊಲಿ.” ಹೊಲಿಗೆ ಸರಿಯಾಗಿಯೇ ಇತ್ತು. ರಟ್ಟು ಮತ್ತು ಪುಟಗಳ ಕಟ್ಟು ಕೂಡುವ ಸಂದು ಸಡಿಲವಾಗಿ, ತೆರೆದರೆ ಒಳಗಿನದೆಲ್ಲ ಮುಂದಕ್ಕೆ ಜಾರುತ್ತಿತ್ತು. ನಾನು ಜಾಣತನ ತೋರಿಸೋಕೆ ಹೋಗಿ ಒಳಗೆ ಪಾರದರ್ಶಕ ಟೇಪು ಹಚ್ಚಿದೆ. ಮೂರು ದಿನಕ್ಕೆ ಟೇಪು ಕಿತ್ತು, ಜೊತೆಗೆ ಕಾಗದದ ಮೇಲಿನ ಪದರವನ್ನೂ ಕಿತ್ತುಕೊಂಡು ಬಂತು. ಪುಸ್ತಕಕ್ಕೆ ಟೇಪು ಹಚ್ಚಲೇಬಾರದು. ಉಳಿದುಕೊಂಡರೂ ವರ್ಷ ಕಳೆದಂತೆ ಹಳದಿಯಾಗಿ ಕಲೆ ಮಾಡುತ್ತೆ.

ಸರಿಯಾದ ದಾರಿ ಇದು. ಉಣ್ಣೆ ಹೆಣೆಯುವ ಉದ್ದ ಕಡ್ಡಿಗೆ ಬಿಳಿ ಅಂಟು ತೆಳ್ಳಗೆ ಸವರಬೇಕು. ಪುಸ್ತಕ ನಿಲ್ಲಿಸಿ, ರಟ್ಟು ಸ್ವಲ್ಪ ಬಿಚ್ಚಿ, ಬೆನ್ನಿನ ಪಕ್ಕದ ಸಂದಿನಲ್ಲಿ ಕಡ್ಡಿ ಇಳಿಸಿ ಉರುಳಿಸಬೇಕು. ಕಡ್ಡಿ ಹೊರಗೆ ತೆಗೆದಾಗ ಅಂಟು ಒಳಗೆ ಉಳಿದಿರುತ್ತೆ. ಪುಸ್ತಕ ಮುಚ್ಚಿ, ಹೊರಗಿನ ಎರಡೂ ಸಂದಿಗೆ ಒಂದೊಂದು ಒಣ ಕಡ್ಡಿ ಕೂರಿಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಬೇಕು. ಒಳಗೆ ಮೇಣದ ಕಾಗದ ಇಡೋದು ಮರೀಬೇಡಿ. ನಾನು ಮರೆತೆ. ನಿಘಂಟಿನ ಮೊದಲ ಎರಡು ಹಾಳೆ ಇವತ್ತಿಗೂ ಅಂಟಿಕೊಂಡೇ ಇವೆ. ಅದೃಷ್ಟಕ್ಕೆ ಮುನ್ನುಡಿ.

ಮಗಳು ಕೇಳಿದ್ದರಿಂದ ಇದನ್ನು ಐದು ಸಾಲಿಗೆ ಸೇರಿಸಲಿಲ್ಲ. ಎಂಟನೇ ವಾರ ಸ್ನೇಹಿತನ ಮನೆಗೆ ಹೋದಾಗ ಅವನ ಕಪಾಟಿನಲ್ಲಿ ಬೆನ್ನು ಕಿತ್ತ ಪುಸ್ತಕ ಕಂಡಿತು. “ಇದನ್ನ ತಗೊಂಡ್ ಹೋಗ್ತೀನಿ ಕಣೋ, ಮುಂದಿನ ವಾರ ಕೊಡ್ತೀನಿ,” ಅಂದೆ. ಅವನಿಗೆ ಅದು ಹರಿದಿದೆ ಅಂತಲೇ ಗೊತ್ತಿರಲಿಲ್ಲ. ಇದು ಸೇರಿಸಿದೆ: 70 ನಿಮಿಷ.

ಏಳು ವಾರದ ಐದೈದು ಸಾಲು ಮೊನ್ನೆ ಒಟ್ಟಿಗೆ ಓದಿದೆ. ಪುಸ್ತಕ ರಿಪೇರಿ ಐದು ವಾರದಲ್ಲಿ, ಒಟ್ಟು 390 ನಿಮಿಷ. ಸೋರುವ ನಲ್ಲಿ ಒಂದು ಸಲ. ಓಟ ಒಂದು ಸಲ, ಅದೂ ಮಳೆ ನಿಂತ ಮೇಲೆ ಸುಮ್ನೆ ಹೋದದ್ದು. ಓದು ಒಂದು ಸಲವೂ ಇಲ್ಲ. ನಾನು ಓಟಗಾರ, ಓದುಗ ಅಂತ ಹೇಳಿಕೊಂಡು ತಿರುಗುವವನು.

ಹೆಂಡತಿಗೆ ತೋರಿಸಿದೆ. “ಓಡೋಕೆ ನಿಮಗೆ ಎರಡು ಅಲಾರಂ ಬೇಕು, ಅಂಟು ಕಲಸೋಕೆ ಒಂದೂ ಬೇಡ,” ಅಂದಳು. ಅದು ನ್ಯಾಯ ಅಲ್ಲ ಅಂತ ವಾದ ಮಾಡಿದೆ. ಅಂಟಿಗೆ ಬೆಳಗ್ಗೆ ಐದೂವರೆಗೆ ಏಳಬೇಕಾಗಿಲ್ಲ. ಅದೂ ಅಲ್ಲದೆ ಓಟ, ಓದು ಎರಡಕ್ಕೂ ನಾನೇ ವೇಳಾಪಟ್ಟಿ ಹಾಕಿದ್ದೆ. ಪಟ್ಟಿಯಲ್ಲಿ ಇರೋದನ್ನು ಯಾರ ಒತ್ತಾಯವೂ ಇಲ್ಲದ್ದು ಅಂತ ಬರೆಯೋಕೆ ಕೈ ಬರಲಿಲ್ಲ. ಪ್ರಶ್ನೆಯೇ ಆ ಎರಡನ್ನು ಹೊರಗೆ ತಳ್ಳಿತ್ತು. ಇದು ಅಳತೆಯ ದೋಷ, ಮುಂದಿನ ನೋಟ್‌ಬುಕ್ಕಿನಲ್ಲಿ ಸರಿ ಮಾಡಬೇಕು. ಆದರೆ 390 ನಿಮಿಷ ಅಳತೆಯ ದೋಷ ಅಂತ ಹೇಳೋಕೆ ಆಗಲ್ಲ.

ಎರಡನೇ ನೋಟ್‌ಬುಕ್ಕಿಗೆ ಗುರುತು ಹಾಕಿಕೊಂಡದ್ದು

ಎ3 ಹಾಳೆ ತಂದು ಅರ್ಧ ಕತ್ತರಿಸಿ, ನಾರಿನ ದಿಕ್ಕು ನೋಡಿ ಮಡಚಬೇಕು. ಬಲಗಡೆ ಪುಟ ಮೊದಲಿನಿಂದಲೇ ಐದು ಸಾಲು, ಉಳಿದದ್ದು ರಿಪೇರಿ ಲೆಕ್ಕಕ್ಕೆ. ಪ್ರಶ್ನೆ ಎರಡು: ಒತ್ತಾಯ ಇಲ್ಲದೆ ಏನು ಮಾಡಿದೆ? ಪಟ್ಟಿಯಲ್ಲಿದ್ದರೂ ಬಿಡೋಕೆ ಮನಸ್ಸು ಬಾರದ್ದು ಯಾವುದು? ವಾರಕ್ಕೆ 20 ಕಿ.ಮೀ. ದಾಟೋದು ಬೇಡ, 13 ವಾರವೂ. ಅಂಕ ಇಲ್ಲ, ಚುಕ್ಕಿ ಇಲ್ಲ, ವೃತ್ತ ಇಲ್ಲ.

ಸದ್ಯ ಮೇಜಿನ ಮೇಲೆ ಪಕ್ಕದ ಮನೆ ಅಜ್ಜಿಯ ಹಾಡಿನ ಪುಸ್ತಕ ಇದೆ. ಎರಡು ಕಡ್ಡಿ, ಮೇಣದ ಕಾಗದ (ಈ ಸಲ ಮರೆಯಲಿಲ್ಲ), ಮೇಲೆ ಎರಡು ಇಟ್ಟಿಗೆ. ನಾಳೆ ಬೆಳಗ್ಗೆವರೆಗೆ ಮುಟ್ಟಬಾರದು, ಮಧ್ಯೆ ತೆರೆದರೆ ಸಂದು ಬಿಟ್ಟುಕೊಳ್ಳುತ್ತೆ. ಗೊತ್ತಿದ್ದೂ ಆಗಲೇ ಒಂದು ಸಲ ಇಟ್ಟಿಗೆ ಎತ್ತಿ ಇಣುಕಿ ನೋಡಿದೆ.